ಇಎ ಸ್ಪೋರ್ಟ್ಸ್ ಎಫ್‌ಸಿ 24: ಆಟಗಾರರ ವೇಗ ತಗ್ಗಿಸಿ ಆಡಿದ ಅನುಭವ

ಇಎ ಕಂಪನಿಯ ಫುಟ್‌ಬಾಲ್ ವಿಡಿಯೋ ಗೇಮ್ ಸರಣಿ ಫಿಫಾ ಹೆಸರನ್ನು ಕೈಬಿಟ್ಟ ಮೇಲೆ ಬಂದ ಮೊದಲ ಗೇಮ್ ಇಎ ಸ್ಪೋರ್ಟ್ಸ್ ಎಫ್‌ಸಿ 24. 2023ರ ಸೆಪ್ಟೆಂಬರ್‌ನಲ್ಲಿ ಇದು ಬಿಡುಗಡೆಯಾಯಿತು. ನಾನು ಇದನ್ನು ಆಡುವುದು ಬಹುತೇಕ ಕರಿಯರ್ ಮೋಡ್‌ನಲ್ಲಿ (ಒಂದು ತಂಡವನ್ನು ಹಲವು ಋತುಗಳ ಕಾಲ ನಡೆಸುವ ವಿಭಾಗ), ಕಂಪ್ಯೂಟರ್ ಎದುರಾಳಿಯ ವಿರುದ್ಧ. ಅಲ್ಟಿಮೇಟ್ ಟೀಮ್‌ನಂಥ ಆನ್‌ಲೈನ್ ವಿಭಾಗಗಳಲ್ಲಿ ಸ್ಲೈಡರ್ (ಆಟದ ಗುಣಗಳನ್ನು ಅಂಕಿಯಿಂದ ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಬದಲಿಸಲು ಅವಕಾಶವೇ ಇಲ್ಲದಿರುವುದರಿಂದ, ಅಲ್ಲಿ ಆಡುವವರಿಗೆ ಈ ವಿಮರ್ಶೆಯಿಂದ ಹೆಚ್ಚಿನ ಪ್ರಯೋಜನವಾಗದು.

ಓಟಕ್ಕೆ ಸಂಬಂಧಿಸಿದ ಸ್ಲೈಡರ್‌ಗಳು ಎರಡು: ಸ್ಪ್ರಿಂಟ್ ಸ್ಪೀಡ್ (ಗರಿಷ್ಠ ವೇಗ) ಮತ್ತು ಆಕ್ಸಲರೇಶನ್ (ಆ ವೇಗವನ್ನು ಎಷ್ಟು ಬೇಗ ಮುಟ್ಟುತ್ತಾರೆ ಎಂಬುದು). ಎರಡೂ ಮೂಲದಲ್ಲಿ 50ರಲ್ಲಿದ್ದು, 0ಯಿಂದ 100ರವರೆಗೆ ಬದಲಿಸಬಹುದು. ನಮ್ಮ ತಂಡಕ್ಕೂ ಕಂಪ್ಯೂಟರ್ ತಂಡಕ್ಕೂ ಪ್ರತ್ಯೇಕ ಅಂಕಿಗಳಿವೆ. ಪಂದ್ಯ ನಿಜದಂತೆ ಕಾಣಬೇಕೆಂದು ಬಯಸುವ ಹೆಚ್ಚಿನವರು ಮೊದಲು ಸ್ಪ್ರಿಂಟ್ ಅನ್ನು ಇಳಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಳಿಸಬೇಕಾದದ್ದು ಆಕ್ಸಲರೇಶನ್. ಆಟಗಾರನೊಬ್ಬ ತೊಂಬತ್ತು ನಿಮಿಷಗಳಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಕ್ರಮಿಸಿದರೂ ಅದರಲ್ಲಿ ನಡಿಗೆ ಮತ್ತು ನಿಧಾನದ ಓಟವೇ ಹೆಚ್ಚು. ಪೂರ್ಣ ವೇಗದ ಓಟಗಳು ಕಡಿಮೆ, ಅವುಗಳಲ್ಲೂ ಹಲವು ಹತ್ತಿಪ್ಪತ್ತು ಮೀಟರಿನೊಳಗೆ ಮುಗಿದುಹೋಗುತ್ತವೆ. ಗರಿಷ್ಠ ವೇಗವನ್ನು ಮುಟ್ಟುವ ಮೊದಲೇ ನಿಲ್ಲುವ ಇಂಥ ಓಟಗಳಲ್ಲಿ ಯಾರು ಮುಂದಾಗುತ್ತಾರೆ ಎಂಬುದನ್ನು ಮೊದಲ ನಾಲ್ಕೈದು ಹೆಜ್ಜೆಗಳೇ ನಿರ್ಧರಿಸುತ್ತವೆ.

ಹೀಗಾಗಿ ಸ್ಪ್ರಿಂಟ್ ಅನ್ನು 48ರಲ್ಲೂ ಆಕ್ಸಲರೇಶನ್ ಅನ್ನು 42ರಲ್ಲೂ, ಎರಡೂ ತಂಡಗಳಿಗೆ ಸಮನಾಗಿ ಇಟ್ಟುಕೊಂಡಿದ್ದೇನೆ. ಇದರ ಫಲ ಎದ್ದು ಕಾಣುವುದು ಮೈದಾನದ ಅಂಚಿನ ಬದಿಯಲ್ಲಿ. ವಿಂಗರ್ (ಅಂಚಿನಲ್ಲಿ ದಾಳಿ ಮಾಡುವವನು) ಚೆಂಡನ್ನು ಫುಲ್‌ಬ್ಯಾಕ್‌ನ (ಆ ಬದಿಯ ರಕ್ಷಕ) ಪಕ್ಕದಿಂದ ಮುಂದಕ್ಕೆ ತಳ್ಳಿದಾಗ, ಮೂಲ ಸೆಟ್ಟಿಂಗ್‌ನಲ್ಲಿ ಫುಲ್‌ಬ್ಯಾಕ್ ಗಿರಕ್ಕನೆ ತಿರುಗಿ ಮತ್ತೆ ಅವನ ಭುಜಕ್ಕೆ ಭುಜ ತಾಗಿಸಿ ಓಡುತ್ತಿದ್ದ. ಈಗ ಅವನು ತಿರುಗಿ ವೇಗ ಪಡೆಯುವಷ್ಟರಲ್ಲಿ ಒಂದು ಗಜ ಹಿಂದುಳಿದಿರುತ್ತಾನೆ. ಆ ಜಾಗ ತುಂಬಲು ನಡುವಿನ ರಕ್ಷಕ ಸೆಂಟರ್ ಬ್ಯಾಕ್ ಹೊರಗೆ ಬರಬೇಕಾಗುತ್ತದೆ, ಅವನು ಬಿಟ್ಟುಬಂದ ಜಾಗಕ್ಕೆ ನಮ್ಮ ಮಿಡ್‌ಫೀಲ್ಡರ್ ನುಗ್ಗಬಹುದು. ಎಕ್ಸ್‌ಪ್ಲೋಸಿವ್‌ನಿಂದ (ಆರಂಭದಲ್ಲೇ ಚುರುಕು) ಕಂಟ್ರೋಲ್ಡ್ ಮೂಲಕ ಲೆಂಗ್ದಿವರೆಗೆ (ದೂರದ ಓಟದಲ್ಲಿ ವೇಗ) ಗೇಮ್ ಆಟಗಾರರ ಓಟವನ್ನು ಏಳು ಬಗೆಯಾಗಿ ವಿಂಗಡಿಸಿದೆಯಲ್ಲ, ಆ ವ್ಯತ್ಯಾಸವೂ ಈ ಅಂಕಿಗಳಲ್ಲಿ ಕೈಗೆ ಚೆನ್ನಾಗಿ ತಿಳಿಯುತ್ತದೆ.

ಬೆಂಗಳೂರು ಎಫ್‌ಸಿ ತಂಡವನ್ನು ಆಯ್ದುಕೊಂಡು ಆಡುವವರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಇಂಡಿಯನ್ ಸೂಪರ್ ಲೀಗ್‌ನ ಆಟಗಾರರ ರೇಟಿಂಗ್ ಯುರೋಪಿನ ದೊಡ್ಡ ಕ್ಲಬ್‌ಗಳವರಿಗಿಂತ ಬಹಳ ಕಡಿಮೆ. ಆದರೂ ಮೂಲ ಸೆಟ್ಟಿಂಗ್‌ನಲ್ಲಿ ಅವರ ಪಂದ್ಯವೂ ಪ್ರೀಮಿಯರ್ ಲೀಗ್ ಪಂದ್ಯದಷ್ಟೇ ಬಿರುಸಾಗಿ ಓಡುತ್ತಿತ್ತು. ಈಗ ಎರಡು ಲೀಗ್‌ಗಳ ಗತಿ ಬೇರೆಬೇರೆ ಎನಿಸುತ್ತದೆ.

ಓಟವನ್ನು ಇಳಿಸಿ ಚೆಂಡನ್ನು ಹಾಗೆಯೇ ಬಿಟ್ಟರೆ ಥ್ರೂ ಬಾಲ್‌ಗಳೆಲ್ಲ (ರಕ್ಷಕರ ನಡುವಿನಿಂದ ಮುಂದಿನ ಖಾಲಿ ಜಾಗಕ್ಕೆ ಕೊಡುವ ಪಾಸ್‌ಗಳು) ಆಟಗಾರನಿಗೆ ಸಿಗದೆ ಹೊರಗೆ ಹೋಗುತ್ತವೆ. ಪಾಸ್ ಸ್ಪೀಡ್ ಅನ್ನು 46ಕ್ಕೆ ಇಳಿಸಿದ ಮೇಲೆ ಇದು ಸರಿಹೋಯಿತು. ಪಾಸ್ ಎರರ್ (ಪಾಸ್ ಗುರಿ ತಪ್ಪುವ ಪ್ರಮಾಣ) ಅನ್ನೂ 55ಕ್ಕೆ ಏರಿಸಿದ್ದೇನೆ, ಏಕೆಂದರೆ ಓಡುವವರು ನಿಧಾನವಾದಾಗ ಪಾಸ್ ಮಾಡಲು ಸಮಯ ಸಿಕ್ಕಿ ಎಲ್ಲರೂ ಗುರಿ ತಪ್ಪದ ಪಂಡಿತರಾಗಿಬಿಡುತ್ತಾರೆ. ಗೇಮ್ ಸ್ಪೀಡ್ ಅನ್ನು ಮಾತ್ರ ನಾರ್ಮಲ್‌ನಲ್ಲೇ ಬಿಟ್ಟಿದ್ದೇನೆ. ಸ್ಲೋ ಆಯ್ಕೆ ಇಡೀ ಪಂದ್ಯವನ್ನೇ ಜಡಗೊಳಿಸುತ್ತದೆ.

ಕೊರತೆಗಳೂ ಇವೆ. ಆಕ್ಸಲರೇಶನ್ 40ಕ್ಕಿಂತ ಕೆಳಗಿಳಿದರೆ ಆಟಗಾರರು ಮೊಣಕಾಲುದ್ದ ನೀರಿನಲ್ಲಿ ಓಡುತ್ತಿರುವಂತೆ ಕಾಣುತ್ತಾರೆ. ಕಂಪ್ಯೂಟರ್ ತಂಡ ಮೇಲೇರಿ ಒತ್ತಡ ಹಾಕುವ ಶಕ್ತಿಯೂ ಕುಗ್ಗುವುದರಿಂದ, ಮೊದಲು ವರ್ಲ್ಡ್ ಕ್ಲಾಸ್ ಎಂಬ ಕಷ್ಟದ ಹಂತದಲ್ಲಿ ಸಿಗುತ್ತಿದ್ದ ಪೈಪೋಟಿಗೆ ಈಗ ಅದಕ್ಕಿಂತ ಕಠಿಣವಾದ ಲೆಜೆಂಡರಿ ಹಂತಕ್ಕೆ ಏರಬೇಕು. ಅಪ್‌ಡೇಟ್ ಬಂದ ಬಳಿಕ ಒಂದೆರಡು ಅಂಕಿಗಳನ್ನು ಮತ್ತೆ ಹೊಂದಿಸಬೇಕಾಗಬಹುದು. ಆಗ ಒಮ್ಮೆಗೆ ಒಂದೇ ಸ್ಲೈಡರ್ ಬದಲಿಸಿ, ಅದೇ ಎರಡು ತಂಡಗಳನ್ನು ಮತ್ತೆ ಆಡಿಸಿ ನೋಡುವುದು ಒಳ್ಳೆಯದು.