ಮೂರು ಮನೆಯ ಪತ್ರ ಒಂದೇ ಸಾಲಕ್ಕೆ ಇಡಬೇಡಿ

ಮೈಸೂರಲ್ಲಿ ಎರಡು ಮೂರು ಬಾಡಿಗೆ ಮನೆ ಇಟ್ಟುಕೊಂಡಿರುವವರು ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನು ಓದಿ.

ಕುವೆಂಪುನಗರದ ಮನೆ ಅಪ್ಪ ಕಟ್ಟಿಸಿದ್ದು. ಬೋಗಾದಿ ಮತ್ತು ವಿಜಯನಗರ ನಾಲ್ಕನೇ ಹಂತದ ಮನೆಗಳನ್ನು ನಾನು ಬ್ಯಾಂಕಿನ ಗೃಹಸಾಲದಲ್ಲಿ ಮಾಡಿದ್ದು. 2023ರಲ್ಲಿ ಅಪ್ಪನ ಮನೆ ಮೇಲೆ ಇನ್ನೊಂದು ಮಹಡಿ ಎತ್ತುವ ಆಸೆಯಾಯಿತು. ಆಗ ಸಿಕ್ಕಿದ ಏಜೆಂಟ್, "ಎರಡು ಕಡೆ ಇಎಂಐ ಯಾಕ್ ಕಟ್ತೀರಾ ಸಾರ್? ಎಲ್ಲಾ ಸೇರಿಸಿ ಒಂದೇ ಮಾಡ್ಸೋಣ, ಕೈಗೂ ದುಡ್ಡು ಬರುತ್ತೆ" ಅಂದ. ಒಂದು ಫೈನಾನ್ಸ್ ಕಂಪನಿಯಲ್ಲಿ ಮೂರೂ ಮನೆಯ ಮೂಲ ಪತ್ರ ಇಟ್ಟು 62 ಲಕ್ಷ ತಂದೆ. ಬಡ್ಡಿ ಶೇ 10.75, ಅವಧಿ 15 ವರ್ಷ, ತಿಂಗಳಿಗೆ ಸುಮಾರು 69,500 ರೂಪಾಯಿ.

ಬಾಡಿಗೆ ಒಟ್ಟು 74,000 ಬರುತ್ತಿತ್ತು, ಸಾಕು ಅಂದುಕೊಂಡೆ. ಪೆದ್ದು ಲೆಕ್ಕ. ಬೋಗಾದಿ ಮನೆಯಲ್ಲಿದ್ದವರು ಮಾನಸಗಂಗೋತ್ರಿಯ ಹುಡುಗರು. ಪರೀಕ್ಷೆ ಮುಗಿಸಿ ಗಂಟುಮೂಟೆ ಕಟ್ಟಿದರು. ಮೂರು ತಿಂಗಳು ಮನೆ ಖಾಲಿ. ಕಂದಾಯ, ಪೇಂಟಿಂಗ್, ಮೋಟರ್ ರಿಪೇರಿ ಬೇರೆ.

2025ರಲ್ಲಿ ಬೋಗಾದಿ ಮನೆ ಮಾರಿ ಸಾಲ ಇಳಿಸೋಣ ಅಂತ ಹೋದೆ. "ಮೂರೂ ಸೇರಿ ಒಂದೇ ಅಡಮಾನ ಸಾರ್, ಒಂದರ ಪತ್ರ ಮಾತ್ರ ಬಿಡಕ್ಕಾಗಲ್ಲ" ಅಂದರು ಮ್ಯಾನೇಜರ್. ಹೋಗಲಿ, ಭೋಗ್ಯಕ್ಕೆ ಕೊಡೋಣ ಅಂದರೆ ಅದಕ್ಕೂ ಅವರ ಒಪ್ಪಿಗೆ ಪತ್ರ ಬೇಕಂತೆ! ಅವಧಿಗೆ ಮೊದಲೇ ಪೂರ್ತಿ ತೀರಿಸಬೇಕಾದರೆ ಬಾಕಿ 58 ಲಕ್ಷದ ಮೇಲೆ ಶೇ 4 ದಂಡ. ಜಿಎಸ್‌ಟಿ ಸೇರಿ 2.7 ಲಕ್ಷ ದಾಟುತ್ತದೆ.

ಫ್ಲೋಟಿಂಗ್ ಸಾಲಕ್ಕೆ, ಅಂದರೆ ಬಡ್ಡಿ ಏರಿಳಿಯುವ ಸಾಲಕ್ಕೆ, ಇಂಥ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆಯಲ್ಲ ಅಂತ ವಾದ ಮಾಡಿದೆ. ಅವರು ಸುಮ್ನೆ ಅರ್ಜಿ ತಿರುಗಿಸಿ ತೋರಿಸಿದರು. ಸಾಲದ ಉದ್ದೇಶ: ವ್ಯಾಪಾರ. ನನ್ನ ಸ್ಟೇಷನರಿ ಅಂಗಡಿ ಹೆಸರು ಹಾಕಿ ಏಜೆಂಟ್ ತುಂಬಿಸಿದ್ದ. ಕೆಳಗೆ ನನ್ನದೇ ಸಹಿ. ಆ ವಿನಾಯಿತಿ ವ್ಯಾಪಾರದ ಸಾಲಕ್ಕೆ ಇರಲಿಲ್ಲ. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಲ್ಲಿ ವ್ಯಾಪಾರದ ಸಾಲಕ್ಕೂ ಈ ವಿನಾಯಿತಿ ಬಂದಿದೆ, ಆದರೆ ಎಲ್ಲ ಸಂಸ್ಥೆಗೂ ಒಂದೇ ಥರ ಅಲ್ಲ. ನನ್ನ ಹಳೇ ಸಾಲಕ್ಕಂತೂ ಅದು ಬರಲ್ಲ.

ಈಗ ಅನ್ನಿಸುತ್ತೆ, ಅಪ್ಪನ ಮನೆ ಮೇಲೆ ಸಾಲವೇ ಇರಲಿಲ್ಲ. ಅದೊಂದರ ಪತ್ರ ಇಟ್ಟಿದ್ದರೆ ಮಹಡಿಗೆ ಸಾಕಾಗುತ್ತಿತ್ತು. ಇಲ್ಲ, ಹಳೇ ಗೃಹಸಾಲದ ಮೇಲೇ ಟಾಪ್ ಅಪ್, ಅಂದರೆ ಹೆಚ್ಚುವರಿ ಸಾಲ, ಕೇಳಬಹುದಿತ್ತು. ನೀವು ಮೂರೂ ಇಡಲೇಬೇಕಾದರೆ, ಇಷ್ಟು ಕಟ್ಟಿದ ಮೇಲೆ ಇಂಥ ಮನೆಯ ಪತ್ರ ಬಿಡುತ್ತೇವೆ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ. 2024ರ ಅಕ್ಟೋಬರ್‌ನಿಂದ ಸಾಲದ ಬಡ್ಡಿ, ಶುಲ್ಕ ಎಲ್ಲಾ ಬರೆದಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡಲೇಬೇಕು, ಅದೂ ನಿಮಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲೇ ಕೇಳಿ ಪಡೆಯಿರಿ, ಮುಜುಗರ ಯಾಕೆ?

ಬೋಗಾದಿ ಮನೆ ಕೊಳ್ಳಲು ಅಡ್ವಾನ್ಸ್ ಕೊಟ್ಟಿದ್ದವರು ಎರಡು ತಿಂಗಳು ಕಾದು ವಾಪಸ್ ಕೇಳಿದರು. ಆ ದುಡ್ಡನ್ನು ಆಗಲೇ ಇಎಂಐಗೆ ಕಟ್ಟಿಬಿಟ್ಟಿದ್ದೆ. ನನ್ನವಳ ಬಳೆ ಅಡವಿಟ್ಟು ಕೊಟ್ಟೆ.