ಕಮ್ಮಿ ಬಜೆಟ್‌ನ ಬುಹರ್ಟ್ ಕವಚ: ಕೆಲವು ಸೀಸನ್ ಹೊಡೆಸಿಕೊಂಡ ಮೇಲೆ ಬರೆದದ್ದು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಮ್ಮಿ ದುಡ್ಡಿನ ಕವಚದಲ್ಲಿ ಉಕ್ಕು ಅಷ್ಟು ಬೇಗ ಕೈಕೊಡುವುದಿಲ್ಲ. ಕೈಕೊಡುವುದು ಬೆಲ್ಟು, ಬಕಲ್ಲು, ರಿವೆಟ್ಟು. ಹೊಸಬರೆಲ್ಲ ಮಾರುವವರ ಹತ್ತಿರ "ತಗಡು ಎಷ್ಟು ಎಂಎಂ" ಎಂದು ಕೇಳುತ್ತಾರೆ. ಚರ್ಮ ಎಷ್ಟು ದಪ್ಪ ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಬುಹರ್ಟ್ ಅಂದರೆ ಮಧ್ಯಯುಗದ ಯುರೋಪಿನ ಕವಚ ತೊಟ್ಟು, ಹರಿತವಿಲ್ಲದ ಉಕ್ಕಿನ ಕತ್ತಿ ಕೊಡಲಿ ಹಿಡಿದು ನಿಜವಾಗಿಯೇ ಹೊಡೆದಾಡುವ ಆಟ. ಮೊದಲೇ ಮಾತಾಡಿಕೊಂಡು ಹೊಡೆಯುವ ನಾಟಕ ಅಲ್ಲ. ತಂಡದ ಆಟದಲ್ಲಿ ಸಾಮಾನ್ಯವಾಗಿ ಒಂದೊಂದು ಕಡೆ ಐದು ಜನ. ಎರಡು ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಆ ಸುತ್ತಿನಲ್ಲಿ ನೀವು ಔಟ್. ಚುಚ್ಚುವ ಹಾಗಿಲ್ಲ. ಪಾದಕ್ಕೆ, ಮಂಡಿಯ ಹಿಂಭಾಗಕ್ಕೆ, ತೊಡೆಸಂದಿಗೆ, ಕತ್ತಿನ ಹಿಂಬದಿಗೆ ಹೊಡೆಯುವ ಹಾಗಿಲ್ಲ. ಮಿಕ್ಕಂತೆ ಗುದ್ದು, ಒದೆತ, ಎತ್ತಿ ಕೆಡಹುವುದು ಎಲ್ಲ ನಡೆಯುತ್ತದೆ. 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ ಮೊದಲ 'ಬ್ಯಾಟಲ್ ಆಫ್ ದ ನೇಷನ್ಸ್', ಅಂದರೆ ಈ ಆಟದ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಆಟ ಬೆಳೆದದ್ದು ಆ ಭಾಗದಲ್ಲಿ, ಹಾಗಾಗಿ ಕೈಗೆಟುಕುವ ಬೆಲೆಗೆ ಹೊಡೆತ ತಿನ್ನುವ ಕವಚ ಮಾಡುವವರೂ ಇವತ್ತಿಗೂ ಹೆಚ್ಚಾಗಿ ಅಲ್ಲೇ ಇದ್ದಾರೆ.

ನಾನಿರುವುದು ಪೋಲೆಂಡಿನ ವ್ರೊಟ್ಸ್ವಾಫ್‌ನಲ್ಲಿ. ಕೆಲಸ ಕಂಪ್ಯೂಟರ್ ಮುಂದೆ, ಸಂಜೆ ಕ್ಲಬ್‌ನಲ್ಲಿ ಅಭ್ಯಾಸ. ಈ ದೇಶದಲ್ಲಿ 1410ರ ಗ್ರುನ್‌ವಾಲ್ಡ್ ಯುದ್ಧವನ್ನು ಪ್ರತಿ ಜುಲೈನಲ್ಲಿ ಅದೇ ಬಯಲಿನಲ್ಲಿ ಮತ್ತೆ ಆಡಿ ತೋರಿಸುತ್ತಾರೆ, ಹಾಗಾಗಿ ಟ್ರಾಮ್‌ನಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕೂತರೆ ಯಾರೂ ಜಾಸ್ತಿ ತಿರುಗಿ ನೋಡುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ ಮಾತ್ರ "ಏನೋ ಇದು, ಯಕ್ಷಗಾನಕ್ಕೆ ಸೇರಿದ್ಯಾ" ಎಂದು ಕೇಳಿದರು.

ಲೆಕ್ಕಕ್ಕೆ ಬರುತ್ತೇನೆ. ಹೆಲ್ಮೆಟ್ 380 ಯೂರೋ. ಅದರ ಕೆಳಗೆ ಕುತ್ತಿಗೆಯ ಮೇಲೆ ಇಳಿಬೀಳುವ ಸರಪಳಿ ಜಾಲ 70. ಎದೆ ಬೆನ್ನಿನ ಕವಚ 230. ತೋಳು ಮತ್ತು ಭುಜ ಸೇರಿ 210. ಕೈಗವಸು, ಅಂದರೆ ಗಾಂಟ್ಲೆಟ್, 220. ಕಾಲು 290. ಒಳಗೆ ತೊಡುವ ದಪ್ಪ ಗಾದಿ ಅಂಗಿ, ಗ್ಯಾಂಬೆಸನ್, 130. ಒಟ್ಟು 1530. ಆದರೆ ಮನೆ ಬಾಗಿಲಿಗೆ ಬಂದಾಗ 1900 ದಾಟಿತ್ತು. ಸಾಮಾನು ತರಿಸಿದ್ದು ಉಕ್ರೇನಿನಿಂದ, ಭಾರತದಿಂದ. ಎರಡೂ ಯುರೋಪಿಯನ್ ಯೂನಿಯನ್ ಹೊರಗಿನ ದೇಶ. ಪೋಲೆಂಡಿನಲ್ಲಿ 23 ಶೇಕಡಾ ವ್ಯಾಟ್ ಬೀಳುತ್ತದೆ, ಅದೂ ಸಾಗಣೆ ಖರ್ಚು ಸೇರಿಸಿದ ಮೊತ್ತದ ಮೇಲೆ. ಕಸ್ಟಮ್ಸ್ ಸುಂಕ ಬೇರೆ ಬೀಳಬಹುದು. "ಪೂರ್ತಿ ಸೆಟ್ ಇಷ್ಟೇ ದುಡ್ಡಿಗೆ" ಎಂಬ ಜಾಹೀರಾತು ನೋಡಿ ಖುಷಿಪಡುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ. ಗುರಾಣಿ, ಆಯುಧ ಇದರಲ್ಲಿ ಸೇರಿಲ್ಲ, ಅವನ್ನು ಸದ್ಯಕ್ಕೆ ಕ್ಲಬ್ಬೇ ಕೊಡುತ್ತದೆ.

ಎದೆಗೆ ನಾನು ತೆಗೆದುಕೊಂಡದ್ದು ವಿಸ್ಬಿ ಮಾದರಿ. ಇದರ ಹಿಂದೆ ಒಂದು ಕಥೆ ಇದೆ, ಬೆಲೆಗೂ ಅದಕ್ಕೂ ಸಂಬಂಧ ಇರುವುದರಿಂದ ಹೇಳುತ್ತೇನೆ. 1361ರಲ್ಲಿ, ಈಗಿನ ಸ್ವೀಡನ್ನಿಗೆ ಸೇರಿದ ಗಾಟ್‌ಲೆಂಡ್ ದ್ವೀಪದ ವಿಸ್ಬಿ ಊರಿನ ಹೊರಗೆ ಡೆನ್ಮಾರ್ಕ್ ರಾಜನ ಸೈನ್ಯಕ್ಕೂ ಅಲ್ಲಿನ ರೈತರಿಗೂ ಯುದ್ಧವಾಯಿತು. ಸತ್ತವರನ್ನು ಸಾಮೂಹಿಕ ಗುಂಡಿಗಳಲ್ಲಿ ಹೂಳಿದರು, ಎಷ್ಟೋ ಜನರನ್ನು ತೊಟ್ಟ ಕವಚದ ಸಮೇತ. 20ನೇ ಶತಮಾನದ ಆರಂಭದಲ್ಲಿ ಅಗೆದಾಗ ಆ ಕವಚಗಳು ಸಿಕ್ಕವು. ಬಟ್ಟೆ ಅಥವಾ ಚರ್ಮದ ಒಳಗಡೆ ಉಕ್ಕಿನ ಪಟ್ಟಿಗಳನ್ನು ರಿವೆಟ್ ಹೊಡೆದು ಕೂರಿಸಿದ ಅಂಗಿ ಅದು. ಪಟ್ಟಿಗಳಿಗೆ ಹೆಚ್ಚು ಉಬ್ಬುತಗ್ಗಿಲ್ಲ, ಒಂದು ಕಡೆಗೆ ಬಾಗಿಸಿದರೆ ಮುಗಿಯಿತು. ಕವಚದ ಬೆಲೆಯಲ್ಲಿ ಉಕ್ಕಿನ ಪಾಲು ಕಮ್ಮಿ, ಸುತ್ತಿಗೆ ಹಿಡಿದು ತಗಡನ್ನು ಬಟ್ಟಲಿನಂತೆ ಉಬ್ಬಿಸುವ ಗಂಟೆಗಳ ಪಾಲೇ ದೊಡ್ಡದು. ಅದಕ್ಕೇ 14ನೇ ಶತಮಾನದ ಮಾದರಿಗಳು ಅಗ್ಗ, ಆಮೇಲೆ ಬಂದ 15ನೇ ಶತಮಾನದ ಗೆರೆಗೆರೆಯ ಗಾಥಿಕ್ ಕವಚ ದುಬಾರಿ. ದುಡ್ಡು ಉಳಿಸಬೇಕು ಅನ್ನುವವರು ಮೊದಲು ಶತಮಾನ ಆರಿಸಿಕೊಳ್ಳಿ, ಅಂಗಡಿ ಆಮೇಲೆ. ಹೇಗಿದ್ದರೂ ಪಂದ್ಯಗಳಲ್ಲಿ ಒಂದೇ ಕಾಲದ, ಒಂದೇ ಪ್ರದೇಶದ ವಸ್ತುಗಳೇ ಇರಬೇಕು ಎಂದು ಪರೀಕ್ಷೆ ಮಾಡುತ್ತಾರೆ. ಒಂದೊಂದು ಚಂದ ಕಂಡಿತು ಎಂದು ಒಂದೊಂದು ಕಡೆಯಿಂದ ಕೊಂಡರೆ ಕಣದ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಈ ವಿಸ್ಬಿ ಅಂಗಿ ಹೇಗಿದೆ ಅಂದರೆ, ಚೆನ್ನಾಗಿದೆ. ಮೈಲ್ಡ್ ಸ್ಟೀಲ್, ಅಂದರೆ ಕಾಯಿಸಿ ಗಟ್ಟಿಮಾಡದ ಮೆದು ಉಕ್ಕು, ಭಾರ ಇದೆ, ಪಟ್ಟಿಗಳಲ್ಲಿ ಅಲ್ಲಲ್ಲಿ ತಗ್ಗು ಬಿದ್ದಿದೆ, ಸುತ್ತಿಗೆಯಿಂದ ತಟ್ಟಿ ಸರಿಮಾಡಿದ್ದೇನೆ. ಹರಿದದ್ದು ಮೇಲಿನ ಬಟ್ಟೆ. ಕೊಡಲಿಯ ಏಟು ರಿವೆಟ್ ತಲೆಯ ಅಂಚಿಗೆ ಬಿದ್ದಲ್ಲೆಲ್ಲ ಬಟ್ಟೆ ಕತ್ತರಿಸಿಕೊಂಡು ಪಟ್ಟಿ ಜೋತಾಡಲು ಶುರುವಾಯಿತು. ಒಳಗಿನಿಂದ ದಪ್ಪ ಚರ್ಮದ ತುಂಡು ಕೊಟ್ಟು ಮತ್ತೆ ರಿವೆಟ್ ಹೊಡೆದ ಮೇಲೆ ಆ ತೊಂದರೆ ನಿಂತಿದೆ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ಅಗ್ಗ ಎಂಬ ಪದ ಮರೆತುಬಿಡಿ. ನನ್ನದು ಬ್ಯಾಸಿನೆಟ್, ಮುಖದ ಮುಚ್ಚಳ ಹಣೆಯ ಹತ್ತಿರ ಕೀಲು ಇಟ್ಟು ಮೇಲೆತ್ತುವ ಬಗೆಯದು. 2 ಎಂಎಂ, ಕಾಯಿಸಿ ಗಟ್ಟಿಮಾಡಿದ ಉಕ್ಕು. ಉದ್ದ ಕೋಲಿನ ಕೊಡಲಿ ಎರಡೂ ಕೈಯಲ್ಲಿ ಹಿಡಿದು ಹೊಡೆಯುವವರ ಏಟು ಇದಕ್ಕೆ ಸಾಕಷ್ಟು ಬಿದ್ದಿದೆ. ಗೀರು ಬಿಟ್ಟರೆ ಏನೂ ಇಲ್ಲ. ಕ್ಲಬ್‌ನ ಹಳೆಯ ಮೈಲ್ಡ್ ಸ್ಟೀಲ್ ಹೆಲ್ಮೆಟ್ ಅದೇ ದಪ್ಪದ್ದು, ನೆತ್ತಿಯ ಮೇಲೆ ಹೆಬ್ಬೆರಳು ಕೂರುವಷ್ಟು ತಗ್ಗುಗಳಿವೆ. ತಗ್ಗು ಬಿದ್ದರೆ ಒಳಗಿನ ಗಾದಿಗೂ ಉಕ್ಕಿಗೂ ನಡುವಿನ ಜಾಗ ಕಮ್ಮಿಯಾಯಿತು ಎಂದೇ ಅರ್ಥ. ಹಾಗಂತ ಗಟ್ಟಿ ಉಕ್ಕು ಇದ್ದರೆ ತಲೆಗೆ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಏಟು ಬಿದ್ದಾಗ ತಲೆಯೇ ಅಲುಗುತ್ತದೆ, ಮಿದುಳು ಒಳಗೆ ಅಲುಗುತ್ತದೆ, ಅದನ್ನು ಯಾವ ಉಕ್ಕೂ ಪೂರ್ತಿ ತಡೆಯುವುದಿಲ್ಲ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಆವತ್ತಿನ ಆಟ ಮುಗಿಯಿತು. ಇದರಲ್ಲಿ ಗಂಡಸುತನ ತೋರಿಸುವವರನ್ನು ನಾನು ನೋಡಿದ್ದೇನೆ, ನನಗೆ ಅವರ ಬಗ್ಗೆ ಮರ್ಯಾದೆ ಇಲ್ಲ.

ಈ ಹೆಲ್ಮೆಟ್‌ನಲ್ಲೂ ಮೊದಲು ಹಾಳಾದದ್ದು ಗದ್ದದ ಪಟ್ಟಿ. ಬೆವರು ಕುಡಿದು ಕುಡಿದು ಚರ್ಮ ಬಕಲ್ ಹತ್ತಿರ ಬಿರಿಯಿತು. ಇನ್ನೊಂದು, ಮುಚ್ಚಳದ ಕೀಲಿನ ಕಡ್ಡಿ. ಮೆದು ಕಬ್ಬಿಣದ್ದು ಕೊಟ್ಟಿದ್ದರು, ಬಾಗಿತು. ಮುಚ್ಚಳ ಆಟದ ಮಧ್ಯೆ ತೆರೆದುಕೊಂಡರೆ ಮುಖಕ್ಕೇ ಏಟು, ತಮಾಷೆಯಲ್ಲ. ಗಟ್ಟಿ ಕಡ್ಡಿ ಹಾಕಿಸಿದ್ದಕ್ಕೆ ಖರ್ಚಾದದ್ದು ಒಂದು ಊಟದ ದುಡ್ಡು.

ಅಗ್ಗ ನೋಡಬಾರದ ಎರಡನೆಯ ಜಾಗ ಕೈ. ಬೆರಳು ಬೆರಳಿಗೆ ಬೇರೆ ಬೇರೆ ತಗಡು ಇರುವ ಗಾಂಟ್ಲೆಟ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ನಾಲ್ಕು ಬೆರಳೂ ಒಂದೇ ಚಿಪ್ಪಿನಡಿ ಇರುವ ಮಿಟನ್ ಬಗೆಯದು ಅಷ್ಟು ಚೆಂದವಲ್ಲ, ಆದರೆ ಏಟು ಹಂಚಿಹೋಗುತ್ತದೆ, ಕತ್ತಿ ಹಿಡಿಯ ಮೇಲೆ ಬೆರಳು ಜಜ್ಜುವುದು ಕಮ್ಮಿ. ನಾನು ಮಿಟನ್ನೇ ತೆಗೆದುಕೊಂಡೆ, ಮತ್ತೆ ಕೊಂಡರೂ ಅದೇ. ಹೆಬ್ಬೆರಳ ಜಾಗ ಗಮನಿಸಿ. ಅಗ್ಗದವುಗಳಲ್ಲಿ ಹೆಬ್ಬೆರಳ ತಗಡು ಒಂದೇ ಒಂದು ತೆಳು ಚರ್ಮದ ತುಂಡಿಗೆ ನೇತಾಡುತ್ತಿರುತ್ತದೆ. ಅದು ಹರಿದರೆ ಆಟದ ಮಧ್ಯೆ ನಿಮಗೆ ಗೊತ್ತೂ ಆಗುವುದಿಲ್ಲ, ಮುಂದಿನ ಏಟು ಬಿದ್ದಾಗ ಗೊತ್ತಾಗುತ್ತದೆ. ಬಂದ ವಾರವೇ ಅದನ್ನು ಬಿಚ್ಚಿ ದಪ್ಪ ಚರ್ಮ ಹಾಕಿಸಿಕೊಳ್ಳಿ. ಟೈಪ್ ಮಾಡಿ ಅನ್ನ ತಿನ್ನುವವರಿಗೆ ಹೆಬ್ಬೆರಳು ಮುಖ್ಯ ಅಲ್ವಾ?

ತೋಳಿನ ಸೆಟ್ ಭಾರತದಿಂದ ತರಿಸಿದ್ದು. ಡೆಹ್ರಾಡೂನ್, ರೂರ್ಕಿ ಕಡೆಯಿಂದ ಇಂಥ ಹೆಲ್ಮೆಟ್, ಕವಚ ಹೊರದೇಶಗಳಿಗೆ ತುಂಬಾ ಹೋಗುತ್ತದೆ. ಬಹುಪಾಲು ಗೋಡೆಗೆ ತೂಗುಹಾಕಲು, ನಾಟಕಕ್ಕೆ, ಸಿನಿಮಾಕ್ಕೆ. "ಬ್ಯಾಟಲ್ ರೆಡಿ" ಎಂದು ಬರೆದಿದ್ದರೆ ಅದು ಮಾರಾಟದ ಮಾತು ಅಷ್ಟೇ, ಯಾವ ಪರೀಕ್ಷೆಯೂ ಅದರ ಹಿಂದಿಲ್ಲ. ಇಲ್ಲಿ ಗೇಜ್ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಗಡು ತೆಳು. 18 ಗೇಜ್ ಸುಮಾರು 1.2 ಎಂಎಂ, 16 ಗೇಜ್ 1.5ರಿಂದ 1.6, 14 ಗೇಜ್ ಹತ್ತಿರ ಹತ್ತಿರ 2. ಮೈಲ್ಡ್ ಸ್ಟೀಲ್‌ನಲ್ಲಿ 18 ಗೇಜ್ ಹೆಲ್ಮೆಟ್ ಅಂದರೆ ಅದನ್ನು ಶೋಕೇಸ್‌ನಲ್ಲಿಡಿ. ನನಗೆ 16 ಎಂದು ಹೇಳಿ ಕಳಿಸಿದ ಮೊಣಕೈ ಚಿಪ್ಪನ್ನು ಕ್ಯಾಲಿಪರ್‌ನಿಂದ ಅಳೆದರೆ 1.2 ಬಂತು. ಅಳತೆಯ ಫೋಟೋ ಕಳಿಸಿದೆ. ವಾರಗಟ್ಟಲೆ ವಾಟ್ಸಾಪ್‌ನಲ್ಲಿ "ಯೆಸ್ ಸರ್, ಶ್ಯೂರ್ ಸರ್" ನಡೆದು ಕೊನೆಗೆ ಅರ್ಧ ದುಡ್ಡು ವಾಪಸ್ ಬಂತು. ಮೊಣಕೈ ಚಿಪ್ಪು ಮಾತ್ರ ಇಲ್ಲೇ ಒಬ್ಬರ ಹತ್ತಿರ ಮಾಡಿಸಿದೆ, ಮುಂಗೈ ಪಟ್ಟಿಗಳು ಹಾಗೇ ನಡೆಯುತ್ತಿವೆ.

ಆದರೆ ನಮ್ಮ ಕಡೆಯ ಸರಪಳಿ ಜಾಲಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ರಿವೆಟ್ ಹೊಡೆದ ಚಪ್ಪಟೆ ಬಳೆಗಳ ಜಾಲ, ಅಂದರೆ ಒಂದೊಂದು ಉಕ್ಕಿನ ಬಳೆಯ ತುದಿಗಳನ್ನೂ ಪುಟ್ಟ ಮೊಳೆ ಹೊಡೆದು ಮುಚ್ಚಿದ್ದು, ಇದನ್ನು ಕೈಯಲ್ಲೇ ಮಾಡಬೇಕು, ಸಾವಿರಾರು ಬಳೆ, ಈ ಬೆಲೆಗೆ ಯುರೋಪಿನಲ್ಲಿ ಯಾರೂ ಮಾಡಿಕೊಡುವುದಿಲ್ಲ. ನಮ್ಮ ಕ್ಲಬ್‌ನಲ್ಲಿ ಮುಕ್ಕಾಲು ಜನರ ಕುತ್ತಿಗೆಗೆ ಭಾರತದ ಜಾಲವೇ ಇದೆ. ಬರೀ ಬಾಗಿಸಿ ತುದಿ ಜೋಡಿಸಿದ ಬಳೆಯದ್ದು ಇನ್ನೂ ಅಗ್ಗಕ್ಕೆ ಸಿಗುತ್ತದೆ, ಅದನ್ನು ಮುಟ್ಟಬೇಡಿ, ಎರಡು ಏಟಿಗೆ ಬಳೆಗಳು ಕಳಚಿ ನೆಲದ ಮೇಲೆ ಚೆಲ್ಲುತ್ತವೆ. ಜಾಲ ಎಣ್ಣೆಯಲ್ಲಿ ಮುಳುಗಿಸಿ ಕಳಿಸಿದ್ದರು. ಪಾರ್ಸೆಲ್ ಬಿಚ್ಚಿದಾಗ ಊಟದ ಮೇಜೆಲ್ಲ ಕಪ್ಪು. ಹೊರಗೆ ಬಿಚ್ಚಿ.

ಗ್ಯಾಂಬೆಸನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಪ್ಪ ಹತ್ತಿಯದು, ಬೇಸಿಗೆಯಲ್ಲಿ ನರಕ, ನಾಲ್ಕು ಅಭ್ಯಾಸಕ್ಕೇ ಹೊಲಿಗೆ ಬಿಟ್ಟಿತು, ಟೈಲರ್ ಹತ್ತಿರ ಮತ್ತೆ ಹೊಲಿಸಿದೆ. ಒಣಗಲು ಎರಡು ದಿನ ಬೇಕು. ನಾತ ಹೋಗುವುದೇ ಇಲ್ಲ.

ಕಾಲು. ಮತ್ತೆ ವಿಸ್ಬಿಗೆ ಬರಬೇಕು. ಅಲ್ಲಿ ಸಿಕ್ಕ ಮೂಳೆಗಳಲ್ಲಿ ಮೊಣಕಾಲಿನ ಕೆಳಗೆ ಏಟಿನ ಗುರುತು ಇರುವಂಥವು ತುಂಬಾ ಇವೆ. ಗುರಾಣಿ ಹಿಡಿದವನ ಕಾಲಿಗೇ ಎಲ್ಲರ ಕಣ್ಣು, ಇವತ್ತಿಗೂ ಅದೇ. ಚರ್ಮದ ಮೇಲೆ ಉಕ್ಕಿನ ಕಡ್ಡಿಪಟ್ಟಿಗಳನ್ನು ಕೂರಿಸಿದ ಬಗೆಯದು ಅಗ್ಗ, ನನ್ನದು ಅದೇ. ರಕ್ಷಣೆಗೆ ಸಾಕು. ತೊಂದರೆ ತೂಕದ್ದಲ್ಲ, ತೂಗುಹಾಕುವುದರದ್ದು. ಕಾಲಿನ ಕವಚವನ್ನು ಸೊಂಟದ ಬೆಲ್ಟಿಗೋ ಒಳ ಅಂಗಿಗೋ ಕಟ್ಟಿ ನೇತುಹಾಕಬೇಕು. ಜೊತೆಗೆ ಕೊಟ್ಟ ಬೆಲ್ಟ್ ಅಗಲವಿರಲಿಲ್ಲ, ಒಂದೆರಡು ಸುತ್ತು ಆಡುವಷ್ಟರಲ್ಲಿ ಮಂಡಿ ಚಿಪ್ಪು ಜಾರಿ ಮೊಣಕಾಲಿನ ಕೆಳಗೆ ಕೂರುತ್ತಿತ್ತು. ಆಗ ಚಿಪ್ಪು ಇದ್ದೂ ಇಲ್ಲದ ಹಾಗೆ. ಸೊಂಟಕ್ಕೆ ಬಿಗಿಯಾಗಿ ಹೊಲಿಸಿದ ದಪ್ಪ ಬಟ್ಟೆಯ ಒಳಪಟ್ಟಿ ಹಾಕಿಕೊಂಡ ಮೇಲೆ ಅದೇ ಕಾಲು ಬೇರೆಯದೇ ಅನ್ನಿಸಿತು.

ಎಲ್ಲ ತೊಟ್ಟರೆ 30 ಕಿಲೋ ದಾಟುತ್ತದೆ. ಟೈಟಾನಿಯಂನವರು 20ರ ಆಸುಪಾಸಿನಲ್ಲಿ ಮುಗಿಸುತ್ತಾರೆ, ಬೆಲೆ ಎರಡರಷ್ಟು, ಕೆಲವೊಮ್ಮೆ ಮೂರರಷ್ಟು. ಮೊದಲ ವರ್ಷಕ್ಕೆ ಟೈಟಾನಿಯಂ ಬೇಡ. ಆಟ ಬಿಟ್ಟು ಹೋಗುವವರೇ ಜಾಸ್ತಿ. ಅವರು ಬಿಟ್ಟ ಕವಚ ಕ್ಲಬ್‌ಗಳಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಹೆಲ್ಮೆಟ್, ಗಾಂಟ್ಲೆಟ್ ಹಾಗೆ ಕೊಳ್ಳಬಹುದು. ಕಾಲು, ಎದೆ ಬೇಡ, ಪೋಲೆಂಡಿನ ಹುಡುಗರ ಕಾಲಿನ ಉದ್ದ ನಮಗೆ ಹೊಂದುವುದಿಲ್ಲ.

ರಿಪೇರಿ ಖರ್ಚು ಬೆಲೆಯ ಭಾಗ ಎಂದೇ ಹಿಡಿಯಿರಿ. ನನ್ನ ಚೀಲದಲ್ಲಿ ಯಾವಾಗಲೂ 4 ಎಂಎಂ ಚರ್ಮದ ಪಟ್ಟಿಗಳು, ಉಕ್ಕಿನ ಬಕಲ್, ರಿವೆಟ್, ವಾಷರ್, ಪುಟ್ಟ ಸುತ್ತಿಗೆ ಇರುತ್ತವೆ. ಕಾರ್ಖಾನೆಯಿಂದ ಬಂದ ಎರಕದ ಹಿತ್ತಾಳೆ ಬಕಲ್‌ಗಳಲ್ಲಿ ಈಗ ಒಂದೂ ಉಳಿದಿಲ್ಲ. ಆಡಿ ಬಂದ ರಾತ್ರಿಯೇ ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಹಚ್ಚಬೇಕು, ಬೆಳಗಾದರೆ ತುಕ್ಕು.

ಉಕ್ರೇನಿನ ಕಮ್ಮಾರರ ಬಗ್ಗೆ ಒಂದು ಮಾತು. 2022ರ ನಂತರ ಅಲ್ಲಿ ಕರೆಂಟ್ ಹೋಗುತ್ತದೆ, ಕೆಲಸಗಾರರು ಸೈನ್ಯಕ್ಕೆ ಹೋಗಿರುತ್ತಾರೆ, ಹೇಳಿದ ದಿನಕ್ಕೆ ಬರುವುದಿಲ್ಲ. ನನ್ನ ಹೆಲ್ಮೆಟ್ ತಿಂಗಳುಗಟ್ಟಲೆ ತಡವಾಯಿತು. ಪ್ರತಿ ಬಾರಿ ಕೇಳಿದಾಗಲೂ ನಿಜವಾದ ಕಾರಣ ಬರೆದರು, ಫೋಟೋ ಕಳಿಸಿದರು. ಪಂದ್ಯದ ತಾರೀಖು ಹತ್ತಿರ ಇಟ್ಟುಕೊಂಡು ಆರ್ಡರ್ ಮಾಡಬೇಡಿ, ಅವರನ್ನು ಸುಮ್ನೆ ಬೈಯಲೂ ಬೇಡಿ.

ಅಳತೆ ಕಳಿಸುವಾಗ ಗ್ಯಾಂಬೆಸನ್ ತೊಟ್ಟುಕೊಂಡೇ ಅಳೆಯಿರಿ, ಬೇರೆಯವರ ಕೈಯಲ್ಲಿ ಅಳೆಸಿ. ತಲೆಯ ಸುತ್ತಳತೆ ಬರೀ ತಲೆಯದ್ದೋ ಒಳಗಾದಿ ಸೇರಿಸಿಯೋ ಎಂದು ಬಿಡಿಸಿ ಬರೆಯಿರಿ. ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿ: ಎಲ್ಲ ಬೆಲ್ಟುಗಳೂ 4 ಎಂಎಂ ಚರ್ಮದಲ್ಲಿ, ಬಕಲ್ ಉಕ್ಕಿನದು. ನನಗೆ ಕೇಳಿದ್ದಕ್ಕೆ ಇಡೀ ಸೆಟ್‌ಗೆ ಹೆಚ್ಚಿಗೆ ಹೇಳಿದ್ದು 35 ಯೂರೋ. ಮುಂದಿನ ಕಾಲಿನ ಜೋಡಿ ಹಾಗೇ ಆರ್ಡರ್ ಆಗಿದೆ.