ಫೆಟ್ ಸರ್ಕ್ಯೂಟ್ ಕಿಟ್: ಮೂರು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ನಾನು ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ವಿದ್ಯುನ್ಮಂಡಲದ ಪಾಠಕ್ಕೆ ಫೆಟ್‌ನ ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’ ಬಳಸಲು ಶುರು ಮಾಡಿ ಮೂರು ವರ್ಷವಾಯಿತು. ಮೊದಲ ವರ್ಷವೇ ಈ ವಿಮರ್ಶೆ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಈಗಲೂ ಬಳಸಿ ಅಂತಲೇ ಹೇಳುತ್ತೇನೆ, ಆದರೆ ಕಾರಣ ಬೇರೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಫೆಟ್ ಅನ್ನುವುದು ಸಿಮ್ಯುಲೇಶನ್‌ಗಳನ್ನು, ಅಂದರೆ ಕಂಪ್ಯೂಟರ್ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಮಾದರಿಗಳನ್ನು ತಯಾರಿಸುವ, ಅಮೆರಿಕದ ಕೊಲೊರಾಡೋ ಬೌಲ್ಡರ್ ವಿಶ್ವವಿದ್ಯಾಲಯದ ಯೋಜನೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಆರಂಭಿಸಿದರು. ಪೂರ್ತಿ ಉಚಿತ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಕೆಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ನಾನು ಹೇಳುತ್ತಿರುವ ಕಿಟ್‌ನಲ್ಲಿ ತಂತಿ, ಬ್ಯಾಟರಿ, ಬಲ್ಬು, ಸ್ವಿಚ್ಚುಗಳನ್ನು ಎಳೆದು ತಂದು ಜೋಡಿಸಬೇಕು. ಮಂಡಲ ಪೂರ್ಣವಾದ ತಕ್ಷಣ ಬಲ್ಬು ಹೊತ್ತುತ್ತದೆ, ತಂತಿಯೊಳಗೆ ನೀಲಿ ಚುಕ್ಕಿಗಳ ಹಾಗೆ ಎಲೆಕ್ಟ್ರಾನ್‌ಗಳು ಸಾಗುತ್ತವೆ.

ಮೊದಲು ಇದನ್ನು ಕಂಡದ್ದು ಎರಡು ದಿನದ ಒಂದು ತರಬೇತಿಯಲ್ಲಿ. ಯಾವ ಗುಂಡಿ ಎಲ್ಲಿದೆ ಅಂತ ಎಲ್ಲವನ್ನೂ ತೋರಿಸಿದರು. ಮಕ್ಕಳಿಗೆ ಯಾವ ಪ್ರಶ್ನೆ ಕೇಳಬೇಕು ಅನ್ನುವ ಮಾತು ಮಾತ್ರ ಒಮ್ಮೆಯೂ ಬರಲಿಲ್ಲ. ಅದನ್ನು ನಾನೂ ಕೇಳಲಿಲ್ಲ. ಬಂದು ಪ್ರೊಜೆಕ್ಟರ್ ಹಚ್ಚಿದೆ, ನಾನೇ ಜೋಡಿಸಿದೆ, ನಾನೇ ವಿವರಿಸಿದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಪಾಠ ಅದ್ಭುತವಾಗಿ ಆಯಿತು ಅಂದುಕೊಂಡೆ. ಆಮೇಲೆ ಕಿರುಪರೀಕ್ಷೆಯ ಉತ್ತರಗಳನ್ನು ನೋಡಿದೆ. ಪ್ರತಿ ವರ್ಷ ಬರುವ ಅದೇ ತಪ್ಪು: ‘ಮೊದಲ ಬಲ್ಬು ಸ್ವಲ್ಪ ಕರೆಂಟನ್ನು ಬಳಸಿಕೊಳ್ಳುತ್ತದೆ, ಆದ್ದರಿಂದ ಎರಡನೆಯದಕ್ಕೆ ಕಡಿಮೆ ಸಿಗುತ್ತದೆ.’ ಅಷ್ಟು ಚೆನ್ನಾಗಿ ತೋರಿಸಿದ ಮೇಲೂ ಹೀಗಾದದ್ದು ನನಗೆ ತುಂಬಾ ನೋವು ಕೊಟ್ಟಿತು.

ಎರಡನೇ ವರ್ಷ ಒಂದೇ ಒಂದು ಬದಲಾವಣೆ ಮಾಡಿದೆ. ಏನಾಗುತ್ತದೆ ಅಂತ ಮಕ್ಕಳು ಹೇಳುವ ತನಕ ಸ್ವಿಚ್ ಒತ್ತುವುದಿಲ್ಲ ಅಂತ ತೀರ್ಮಾನಿಸಿದೆ.

9 ವೋಲ್ಟ್ ಬ್ಯಾಟರಿ, 10 ಓಮ್ ಬಲ್ಬು. ಕರೆಂಟನ್ನು ಅಳೆಯುವ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಇಲ್ಲಿವರೆಗೆ ಎಲ್ಲರಿಗೂ ಸುಲಭ. ಈಗ ಅಂಥದೇ ಇನ್ನೊಂದು ಬಲ್ಬನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಬರುವಂತೆ ಸೇರಿಸಿ, ಸ್ವಿಚ್ ತೆರೆದೇ (ಆಫ್) ಇಟ್ಟು ಕೇಳಿದೆ: ಮೊದಲ ಬಲ್ಬಿನ ಮುಂಚೆ, ಎರಡರ ನಡುವೆ, ಎರಡನೆಯದರ ನಂತರ ಎಷ್ಟೆಷ್ಟು? ನೋಟ್‌ಬುಕ್ಕಿನಲ್ಲಿ ಬರೆಯಿರಿ, ಯಾಕೆ ಅಂತಲೂ ಬರೆಯಿರಿ. ಒಬ್ಬ ಹುಡುಗಿ ಎದ್ದು ನಿಂತು, ‘ಮೊದಲನೆಯದು ತಿಂದುಬಿಡುತ್ತೆ ಮೇಡಂ, ಎರಡನೆಯದಕ್ಕೆ ಉಳಿದಿದ್ದು’ ಅಂದಳು. ಅರ್ಧ ತರಗತಿ ತಲೆಯಾಡಿಸಿತು. ಅವಳ ಕೈಗೇ ಮೌಸ್ ಕೊಟ್ಟೆ. ಸ್ವಿಚ್ ಮುಚ್ಚಿದಳು. ಅಮ್ಮೀಟರನ್ನು ಒಂದೊಂದೇ ಕಡೆ ಇಟ್ಟಳು. 0.45. 0.45. 0.45. ಮೂರನೆಯ ಸಲ ಅವಳೇ ಮೆಲ್ಲಗೆ ಓದಿದಳು. ಆ ನಿಶ್ಶಬ್ದ ನನಗೆ ಇನ್ನೂ ನೆನಪಿದೆ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ: ‘ಕರೆಂಟು ಎಲ್ಲೂ ಖರ್ಚಾಗಲ್ಲ ಅಂದ್ರೆ ಬ್ಯಾಟರಿ ಯಾಕೆ ಖಾಲಿಯಾಗುತ್ತೆ?’

ಎಂಥ ಒಳ್ಳೆ ಪ್ರಶ್ನೆ ಅಲ್ವಾ! ಇದಕ್ಕೆ ಕಿಟ್‌ನಲ್ಲಿ ಉತ್ತರವಿಲ್ಲ. ಅಲ್ಲಿನ ಬ್ಯಾಟರಿ ಎಷ್ಟು ಹೊತ್ತು ಬಿಟ್ಟರೂ ಖಾಲಿಯಾಗುವುದೇ ಇಲ್ಲ. ಮಾರನೆಯ ದಿನ ಒಂದು ಉದ್ದನೆಯ ಹಗ್ಗ ತಂದೆ. ತುದಿಗಳನ್ನು ಗಂಟು ಹಾಕಿ, ಮಕ್ಕಳನ್ನು ಸುತ್ತಲೂ ನಿಲ್ಲಿಸಿ, ಎಲ್ಲರ ಕೈಯಲ್ಲೂ ಹಗುರವಾಗಿ ಹಾಯುವಂತೆ ಕೊಟ್ಟೆ. ಒಬ್ಬ ಎಳೆಯುತ್ತಾ ಹೋಗಬೇಕು, ಅವನು ಬ್ಯಾಟರಿ. ಎದುರಿನ ಹುಡುಗಿ ಸ್ವಲ್ಪ ಬಿಗಿಯಾಗಿ ಹಿಡಿಯಬೇಕು, ಅವಳು ಬಲ್ಬು. ಹಗ್ಗ ಎಲ್ಲ ಕಡೆಯೂ ಒಂದೇ ವೇಗದಲ್ಲಿ ಸುತ್ತಿತು, ಒಂದಿಂಚೂ ಕಡಿಮೆಯಾಗಲಿಲ್ಲ. ಆದರೆ ಹಿಡಿದವಳ ಅಂಗೈ ಬಿಸಿಯಾಯಿತು, ಎಳೆದವನ ತೋಳು ಸೋತಿತು. ‘ಖರ್ಚಾಗಿದ್ದು ಶಕ್ತಿ’ ಅಂತ ಮಕ್ಕಳೇ ಹೇಳಿದರು. ಕಂಪ್ಯೂಟರ್ ಎಬ್ಬಿಸಿದ ಪ್ರಶ್ನೆಗೆ ಹಗ್ಗ ಉತ್ತರ ಕೊಟ್ಟಿತು.

ತಂತ್ರಜ್ಞಾನದ ತಿಳಿವು, ವಿಷಯದ ತಿಳಿವು, ಕಲಿಸುವ ಬಗೆಯ ತಿಳಿವು, ಈ ಮೂರೂ ಕೂಡುವ ಜಾಗವೇ ಶಿಕ್ಷಕರಿಗೆ ಮುಖ್ಯ ಅಂತ ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಬರೆದರು. ಅದನ್ನು ಈಗ ಟೀಪ್ಯಾಕ್ ಅಂತ ಕರೆಯುತ್ತಾರೆ. ತರಬೇತಿಯಲ್ಲಿ ಆ ಮೂರು ವೃತ್ತಗಳ ಚಿತ್ರವನ್ನು ಸುಮ್ನೆ ನಕಲು ಮಾಡಿಕೊಂಡಿದ್ದೆ. ಅದು ಅರ್ಥವಾಗಿದ್ದು ಹಗ್ಗ ಹಿಡಿದ ದಿನ.

ಇನ್ನು ಬಳಸುವವರು ಗಮನಿಸಬೇಕಾದ ಸಂಗತಿಗಳು. ಕಿಟ್‌ನಲ್ಲಿ ಬಲ್ಬಿಲ್ಲದೆ ಬರೀ ತಂತಿ ಜೋಡಿಸಿದರೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಮಕ್ಕಳು ಮೊದಲು ಮಾಡುವುದು ಅದನ್ನೇ. ಬೈಯಬೇಡಿ. ಮೊದಲ ಐದು ನಿಮಿಷ ಅವರ ಪಾಡಿಗೆ ಬಿಡಿ, ಆಮೇಲೆ ‘ಬೆಂಕಿ ಯಾಕೆ ಬಂತು’ ಅಂತಲೇ ಪಾಠ ಶುರು ಮಾಡಬಹುದು. ತಂತಿಯ ಮೇಲೆ ಇಟ್ಟರೆ ಸಾಕು, ಓದಿ ಹೇಳುವ ಅಮ್ಮೀಟರ್ ಒಂದಿದೆ. ತುಂಬಾ ಅನುಕೂಲ. ಆದರೆ ಪ್ರಯೋಗಾಲಯದ ಅಮ್ಮೀಟರನ್ನು ಸರಣಿಯಲ್ಲೇ ಜೋಡಿಸಬೇಕು, ಇದನ್ನು ರೂಢಿ ಮಾಡಿಕೊಂಡ ಮಕ್ಕಳು ಅಲ್ಲಿ ತಡವರಿಸುತ್ತಾರೆ. ಸರಣಿಯಲ್ಲಿ ಜೋಡಿಸುವ ಅಮ್ಮೀಟರೂ ಇದರಲ್ಲಿದೆ, ನಾನೀಗ ಅದನ್ನೇ ಜಾಸ್ತಿ ಬಳಸುತ್ತೇನೆ. ಎಲೆಕ್ಟ್ರಾನ್‌ಗಳು ಪರದೆಯ ಮೇಲೆ ಓಡಿದಷ್ಟು ವೇಗವಾಗಿ ನಿಜದಲ್ಲಿ ಓಡುವುದಿಲ್ಲ. ಬಲ್ಬಿನ ಮಂಡಲದಂಥ ತಂತಿಯಲ್ಲಿ ಅವು ಮುಂದೆ ಸಾಗುವುದು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ. ಇದನ್ನು ಬಾಯಿ ಬಿಟ್ಟು ಹೇಳಲೇಬೇಕು.

ಸಡಿಲವಾದ ಜೋಡಣೆ, ತುಕ್ಕು ಹಿಡಿದ ತುದಿ, ಅರ್ಧ ಸತ್ತ ಸೆಲ್ಲು, ಇವು ಯಾವುವೂ ಕಿಟ್‌ನಲ್ಲಿ ಎದುರಾಗುವುದಿಲ್ಲ. ಅದಕ್ಕೇ ಪ್ರತಿ ಗುಂಪಿಗೂ ನಿಜವಾದ ಸೆಲ್ಲು, ಬಲ್ಬು ಕೊಟ್ಟೇ ಕೊಡುತ್ತೇನೆ. ಈ ವರ್ಷ ಕ್ರಮವನ್ನೂ ತಿರುಗಿಸಿದೆ. ಮೊದಲು ಕೈಯಲ್ಲಿ ಜೋಡಿಸುತ್ತಾರೆ, ಬಲ್ಬು ಹೊತ್ತದಿದ್ದಾಗ ತಂತಿಯೊಳಗೆ ಏನಾಗುತ್ತಿರಬಹುದು ಅಂತ ಹುಡುಕಲು ಪರದೆಗೆ ಬರುತ್ತಾರೆ.

ಲ್ಯಾಪ್‌ಟಾಪ್ ಒಂದೇ ಇದ್ದರೂ ಕೆಲಸ ಆಗುತ್ತದೆ, ಮೌಸ್ ಮಾತ್ರ ಮಕ್ಕಳ ಕೈಯಲ್ಲಿರಲಿ. ಮುಂದಿನ ವಾರ ಸಮಾಂತರ ಜೋಡಣೆ, ಅಂದರೆ ಪ್ರತಿ ಬಲ್ಬಿಗೂ ಬ್ಯಾಟರಿಯಿಂದ ಬೇರೆ ಬೇರೆ ದಾರಿ. ಎರಡನೇ ಬಲ್ಬು ಸೇರಿಸಿದಾಗ ಬ್ಯಾಟರಿಯಿಂದ ಹೊರಡುವ ಕರೆಂಟು 0.90ರಿಂದ 1.80ಕ್ಕೆ ಏರುತ್ತದೆ. ಮಕ್ಕಳು ಏನು ಊಹಿಸುತ್ತಾರೆ ಅಂತ ಬರೆದಿಟ್ಟುಕೊಳ್ಳಲು ಒಂದು ಹೊಸ ನೋಟ್‌ಬುಕ್ ತೆಗೆದಿಟ್ಟಿದ್ದೇನೆ.